ಐದನೇ ದಾರಿ ಬಿಸಿಯಾದ ವರ್ಷ

ಹೋದ ವಾರ ಮದ್ದೂರಿನಲ್ಲಿ ಹತ್ತಿದ ರೈಲು ಹನಕೆರೆ ಹತ್ತಿರ ಬಂದು ಯಾಕೋ ನಿಂತುಬಿಟ್ಟಿತು. ಎದುರು ಕುಳಿತ ಯಜಮಾನರು ರೈಲ್ವೆಯವರನ್ನು ಬೈಯಲು ಶುರುಮಾಡಿದರು. ನಾನು ಕಿಟಕಿಯಾಚೆ ನೋಡಿದೆ. ಹಳಿಯ ಪಕ್ಕದಲ್ಲೇ ಕೆಸರು ಮಾಡಿ ಹದಗೊಳಿಸಿದ ಗದ್ದೆ, ಅದರಲ್ಲಿ ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದ ಹೆಂಗಸರು. ಕಲಕಿದ ಕೆಸರಿನ, ಆಗಷ್ಟೇ ಕಿತ್ತ ಪೈರಿನ ವಾಸನೆ ಒಟ್ಟಿಗೇ ಒಳಗೆ ಬಂತು. ನನಗೊಂದು ಚಾಳಿಯಿದೆ. ನಾಟಿಯ ಸಾಲು ಕಂಡರೆ ಯಾರು ನೆಟ್ಟ ಪಟ್ಟೆ ಎಷ್ಟು ಅಗಲವಿದೆ ಎಂದು ಕಣ್ಣಲ್ಲೇ ಅಳೆಯುತ್ತೇನೆ. ಅವತ್ತೂ ಅಳೆದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಗಲ ಇದ್ದವು. ರೈಲು ಹೊರಟಿತು, ನನ್ನ ಮನಸ್ಸು ಮಾತ್ರ ನಮ್ಮೂರು ಹೊಳಲಿನಲ್ಲಿ ಇಳಿದುಹೋಗಿತ್ತು.

ಈ ಚಾಳಿ ಹತ್ತಿದ್ದು ಕಾಯಿಲೆಯ ಭಯಕ್ಕೆ ಆಫೀಸುಗಳೆಲ್ಲ ಬಾಗಿಲು ಹಾಕಿದ ವರ್ಷ. ನಾನು ಮೈಸೂರಿನ ಬಾಡಿಗೆ ಕೋಣೆ ಖಾಲಿ ಮಾಡಿ, ಹೊಳಲಿನಲ್ಲಿದ್ದ ಅವ್ವನ ಹತ್ತಿರ ಬಂದಿದ್ದೆ.

ನನ್ನ ಕೆಲಸ ಏನೆಂದು ಜನಕ್ಕೆ ಹೇಳುವುದು ಕಷ್ಟ. ಕಂಪ್ಯೂಟರ್ ಅಂದ ಕೂಡಲೇ ಸಾಫ್ಟ್‌ವೇರಾ ಅನ್ನುತ್ತಾರೆ. ಅಲ್ಲ. ಕಂಪ್ಯೂಟರಿನ ಒಳಗೆ ಲೆಕ್ಕವೆಲ್ಲ ಮಾಡುವ ಪ್ರೊಸೆಸರ್ ಇದೆಯಲ್ಲ, ಅದಕ್ಕೆ ಊಟ ಬಡಿಸುವ ಇಲಾಖೆ ನಮ್ಮದು. ಅದರ ಊಟವೇ ವಿಚಿತ್ರ. ವೋಲ್ಟೇಜು ಒಂದರ ಆಸುಪಾಸು ಇದ್ದರೆ ಸಾಕು, ಟಾರ್ಚಿಗೆ ಹಾಕುವ ಒಂದು ಶೆಲ್ಲಿನಷ್ಟೂ ಬೇಡ. ಆದರೆ ಕರೆಂಟು ಮಾತ್ರ ನೂರಾರು ಆಂಪಿಯರ್ ಬೇಕು, ಅದೂ ಕೇಳಿದ ಕ್ಷಣಕ್ಕೆ ಎಲೆಗೆ ಬಿದ್ದಿರಬೇಕು. ಹನ್ನೆರಡು ವೋಲ್ಟನ್ನು ಒಂದಕ್ಕೆ ಇಳಿಸಿ ಅಷ್ಟೂ ಕರೆಂಟನ್ನು ಒಂದೇ ದಾರಿಯಲ್ಲಿ ಕಳಿಸಿದರೆ ಆ ದಾರಿ ಸುಟ್ಟು ಕರಕಲಾಗುತ್ತದೆ. ಹಾಗಾಗಿ ಆರೋ ಎಂಟೋ ದಾರಿ ಮಾಡಿ, ಹೊರೆಯನ್ನು ಅಷ್ಟಕ್ಕೂ ಹಂಚುತ್ತಾರೆ. ಯಾವ ದಾರಿ ಯಾವಾಗ ತೆರೆಯಬೇಕು, ಯಾವುದು ಎಷ್ಟು ಹೊರೆ ಹೊತ್ತಿದೆ ಎಂದು ನೋಡಿಕೊಳ್ಳಲು ಮೇಸ್ತ್ರಿಯ ಹಾಗೆ ಒಂದು ಚಿಕ್ಕ ಚಿಪ್ ಇರುತ್ತದೆ. ಅದನ್ನೇ ಕಂಟ್ರೋಲರ್ ಅನ್ನುವುದು. ಆ ಮೇಸ್ತ್ರಿ ನೆಟ್ಟಗೆ ಕೆಲಸ ಮಾಡುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುವವಳು ನಾನು.

ಕರೆಂಟಿನ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಬ್ಲಫ್ ಎಂಬ ಊರಿನ ಕರೆಂಟು ಉತ್ಪಾದಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನನ್ನ ಬಾಲ್ಯವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ ಕಳೆಯಿತು. ಬಟ್ಟೆಗೆ, ಚಪ್ಪಲಿಗೆ, ಸಿನಿಮಾಗೆ ಮಳವಳ್ಳಿ. "ಇಲ್ಲಿಂದ ವೋಲ್ಟೇಜು ಏರ್ಸಿ ಕಳುಸ್ತೀವಿ ಮಗ, ಇಲ್ದಿದ್ರೆ ದಾರೀಲೇ ಸೋರೋಯ್ತದೆ" ಎಂದು ಅಪ್ಪ ತಂತಿ ತೋರಿಸಿ ಹೇಳುತ್ತಿದ್ದರು. ಏರಿಸುವ ಮೊದಲ ಮೆಟ್ಟಿಲು ಅಪ್ಪನಿಗೆ, ಇಳಿಸುವ ಕೊನೆಯ ಮೆಟ್ಟಿಲು ನನಗೆ ಸಿಕ್ಕಿತು ಎಂದುಕೊಂಡರೆ ಈಗಲೂ ಖುಷಿಯಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಕ್ವಾರ್ಟರ್ಸು ಬಿಟ್ಟು ಅಪ್ಪನ ಊರಾದ ಹೊಳಲಿಗೆ ಬಂದೆವು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಪ್ಪನ ಫೋಟೋ, ನಾಲೆಯ ಕೆಳಗೆ ಒಂದಿಷ್ಟು ಗದ್ದೆ, ನಾವಿಬ್ಬರು.

ಕ್ವಾರ್ಟರ್ಸಿನಲ್ಲಿ ನಲ್ಲಿ ನೀರು ಹಿಡಿದುಕೊಂಡು ಬಾಳಿದ್ದ ಅವ್ವನಿಗೆ ಗದ್ದೆ ಕೆಲಸ ಮರೆತೇಹೋಗಿತ್ತು. ಆಳು ಕರೆಸಿ ನಾಟಿ ಹಾಕಿಸುವ ಶಕ್ತಿಯೂ ಇರಲಿಲ್ಲ. ಆಗ ಕೈಹಿಡಿದವರು ಜಯಮ್ಮ. ನಮ್ಮ ಬೀದಿಯಲ್ಲೇ ಮನೆ, ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ರಟ್ಟೆ. ನಾನು ಅವರನ್ನು ಚಿಕ್ಕವ್ವ ಅನ್ನುತ್ತೇನೆ. "ಬಾರಕ್ಕ, ನನ್ ಪಕ್ಕ ನಿಂತ್ಕೊ, ನಾ ನೆಟ್ಟಂಗೆ ನೀನೂ ನೆಡು" ಎಂದು ಅವ್ವನನ್ನು ತಮ್ಮ ಮುಯ್ಯಾಳಿನ ಗುಂಪಿಗೆ ಸೇರಿಸಿಕೊಂಡರು. ಮುಯ್ಯಾಳು ಅಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯಿಲ್ಲ, ಋಣವೂ ಉಳಿಯುವುದಿಲ್ಲ. ಅವ್ವನ ಪಾಲಿಗೆ ಅದು ಕೆಲಸಕ್ಕಿಂತ ಹೆಚ್ಚಿನದಾಗಿತ್ತು. ಆ ಸಾಲಿನಲ್ಲಿ ನಿಂತ ಮೇಲೆಯೇ ಅವಳು ಹೊಳಲಿನವಳಾದದ್ದು.

ಆ ವರ್ಷ ನಾಲೆಗೆ ನೀರು ಬಿಟ್ಟ ಸುಮಾರಿಗೆ ಆಫೀಸಿನ ವ್ಯಾನು ನನ್ನ ಸಾಮಾನು ತಂದು ಮನೆ ಮುಂದೆ ಇಳಿಸಿತು. ಪರೀಕ್ಷೆಯ ಬೋರ್ಡು, ಪ್ರೊಸೆಸರಿನ ಹಾಗೆ ಕರೆಂಟು ನುಂಗುವ ಒಂದು ಪೆಟ್ಟಿಗೆ, ಅಲೆಗಳನ್ನು ತೋರಿಸುವ ಆಸಿಲೋಸ್ಕೋಪು, ಫ್ಯಾನು, ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ಸು. ನಡುಮನೆಯಲ್ಲಿ ರಾಗಿ ಮೂಟೆ ಸರಿಸಿ ಎಲ್ಲ ಜೋಡಿಸಿದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಇದೇನ್ ಮಗ ಇದು, ಆಸ್ಪತ್ರೇಲಿ ಎದೆ ನೋಡೋ ಟೀವಿ ಇದ್ದಂಗದೆ?"

"ಕರೆಂಟು ಇಳಿಸೋದು ಕಣವ್ವ."

"ಕರೆಂಟು ಇಳ್ಸಾಕೆ ಇಷ್ಟೊಂದು ಕರೆಂಟು ಬೇಕಾ? ಬಿಲ್ಲು ನಿಮ್ಮಾಫೀಸ್ನೋರೇ ಕಟ್ತಾರಾ?"

ಅವ್ವನಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂಬ ಹಟ ನನಗೆ. ಸ್ಕೋಪಿನ ಪರದೆಯ ಮೇಲೆ ಒಂದರ ಕೆಳಗೊಂದು ಆರು ಅಲೆ ಓಡುತ್ತಿದ್ದವು. ಒಂದೇ ಒರಳಿಗೆ ಆರು ಒನಕೆ ಹಾಕಿದ ಹಾಗೆ ಒಂದಾದ ಮೇಲೆ ಒಂದು ಸರದಿಯಲ್ಲಿ ಬೀಳುತ್ತವೆ ಎಂದೆ. ಅವ್ವ ನಕ್ಕಳು. "ಮೂರೊನ್ಕೆ ನಾನೇ ಆಕಿವ್ನಿ. ಆರಾ? ತಲೆ ಒಡ್ಕಂತಾವೆ." ಒಡೆದುಕೊಳ್ಳಬಾರದು ಅಂತಲೇ ಈ ಚಿಪ್ ಇರೋದು ಎಂದೆ. ಇಷ್ಟು ಹೊರೆಯನ್ನು ಒಂದೇ ದಾರಿ ಹೊರಲಾರದು ಎಂದಾಗ ಅವಳಿಗೆ ಪೂರ್ತಿ ಹಿಡಿಯಿತು. "ಅತ್ತು ಜನದ ಉಲ್ಕಡ್ಡಿ ಒಬ್ಬನ್ ತಲೆವೊರೆ ಅನ್ನು ಮತ್ತೆ, ಅದುಕ್ಯಾಕೆ ಇಂಗ್ಲೀಸು?" ಎಂದಳು. ಆರು ವರ್ಷ ಓದಿ ನೌಕರಿ ಹಿಡಿದ ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬಂದಿಲ್ಲ ಎಂದು ನಾನೂ ನಕ್ಕೆ.

ಮಧ್ಯಾಹ್ನದ ಹೊತ್ತು ಅವ್ವ ಬಂದು ನನ್ನ ಪಕ್ಕ ಮಣೆ ಹಾಕಿಕೊಂಡು ಕೂರುವುದು ರೂಢಿಯಾಯಿತು. ಮೊದಲೆಲ್ಲ ಒಂದು ಗಳಿಗೆ ಕೂರದ ಹೆಂಗಸು, ಮಗಳು ಮನೆಗೆ ಬಂದ ಖುಷಿಗೆ ಕೂರುತ್ತಾಳೆ ಅಂದುಕೊಂಡೆ. ಆರು ದಾರಿಗೂ ತನ್ನ ಸಾಲಿನವರ ಹೆಸರಿಟ್ಟಳು. ಮೊದಲನೆಯದು ಜಯಮ್ಮ, ಎರಡನೆಯದು ಕೆಂಪಮ್ಮ, ಹೀಗೆ. ಐದನೆಯದು ನನಗೆ ತಲೆನೋವಾಗಿತ್ತು. ಬೋರ್ಡಿನಲ್ಲಿ ಅದರ ಜಾಗ ತಂತಿ ಸಿಕ್ಕಿಸುವ ಒಂದು ಎತ್ತರದ ಕನೆಕ್ಟರಿನ ಹಿಂದೆ ಇದ್ದುದರಿಂದ ಫ್ಯಾನಿನ ಗಾಳಿ ತಲುಪುತ್ತಿರಲಿಲ್ಲ. ಆರಕ್ಕೂ ಸಮನಾಗಿ ಹಂಚಿದರೂ ಐದನೆಯದು ಮಾತ್ರ ಕೈಯಿಡಲಾಗದಷ್ಟು ಬಿಸಿ.

"ಮೂಲೇಲಿ ಬಿಸಿ ಆಯ್ತಾವ್ಳಲ್ಲ, ಅವ್ಳು ನಾನು ಅನ್ಕೊ" ಎಂದಳು ಅವ್ವ.

ಪ್ರೊಸೆಸರಿಗೆ ಕೆಲಸ ಕಡಿಮೆ ಇದ್ದಾಗ ಒಂದೆರಡು ದಾರಿ ಮಾತ್ರ ಉಳಿಸಿಕೊಂಡು ಉಳಿದವನ್ನು ಮಲಗಿಸುವ ವಿದ್ಯೆ ಈ ಚಿಪ್‌ಗೆ ಗೊತ್ತು. ಹಾಗಾದರೆ ಐದನೆಯದನ್ನು ಮಲಗಿಸಿಯೇ ನೋಡೋಣ ಎಂದು ಅದನ್ನು ಮುಚ್ಚಿದೆ. ಪರದೆಯ ಮೇಲೆ ಐದನೇ ಅಲೆ ಮಾಯವಾಯಿತು. ಅವ್ವ ಮಣೆಯ ಮೇಲಿಂದಲೇ ಕೇಳಿದಳು.

"ಯಾಕ್ ಮಗ ಅವ್ಳನ್ನ ಮನೆಗ್ ಕಳುಸ್ಬುಟ್ಟೆ?"

"ಬಿಸಿ ಆಗ್ತಾಳಲ್ಲವ್ವ, ರೆಸ್ಟ್ ತಗೊಳ್ಲಿ."

"ರೆಸ್ಟಂತೆ. ಅವ್ಳ ಒಂದ್ ಮಾತ್ ಕೇಳ್ದಾ?"

ತಮಾಷೆ ಎಂದುಕೊಂಡು ಮುಂದುವರಿದೆ. ಹೊರೆ ಏರಿಸಿದ್ದೇ ತಡ ಉಳಿದ ಐದೂ ಕುದಿಯತೊಡಗಿದವು, ವೋಲ್ಟೇಜು ಧಡಕ್ಕನೆ ಕುಸಿಯಿತು. ಕೊನೆಗೆ ನಮ್ಮ ತಂಡದ ಹಿರಿಯರಾದ ಮೂರ್ತಿ ಸರ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಸಮ ಪಾಲು ಕೊಡಲೇಬೇಕು ಅಂತ ಯಾರಮ್ಮ ಹೇಳಿದ್ದು? ಕರೆಂಟು ಸಮ ಇರಬೇಕಿಲ್ಲ, ಬಿಸಿ ಸಮ ಇದ್ದರಾಯಿತು. ಐದನೆಯದಕ್ಕೆ ಒಂಚೂರು ಕಡಿಮೆ ಹಾಕು, ಅಕ್ಕಪಕ್ಕದವಕ್ಕೆ ಒಂಚೂರು ಜಾಸ್ತಿ ಹಾಕು. ಹೊರಗಿನಿಂದ ನೋಡೋರಿಗೆ ಏನೂ ಗೊತ್ತಾಗಲ್ಲ" ಅಂದರು. ಹಾಗೇ ಮಾಡಿದೆ. ಹೊರೆ ಪೂರ್ತಿ ಏರಿಸಿದರೂ ಆರೂ ದಾರಿ ಒಂದೇ ಹದಕ್ಕೆ ಬೆಚ್ಚಗಿದ್ದವು, ವೋಲ್ಟೇಜು ಅಲುಗಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಅವ್ವ ನನಗಿಂತ ಹೆಚ್ಚು ಸಮಾಧಾನಪಟ್ಟ ಹಾಗೆ ಕಂಡಳು. "ಅಂಗಾರೆ ಅವ್ಳೂ ಸಾಲ್ನಲ್ಲೇ ಇರ್ತಾಳೆ ಅನ್ನು" ಎಂದು ಎದ್ದು, ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತು, ಒಳಗೆ ಹೋದಳು.

ಅದಾಗಿ ಕೆಲವೇ ದಿನಕ್ಕೆ ಜಯಮ್ಮನ ಗದ್ದೆಯ ನಾಟಿ. ನಾನು ಬುತ್ತಿ ಹೊತ್ತುಕೊಂಡು ಹೋದೆ. ಮುದ್ದೆ, ಉಪ್ಸಾರು, ಒಂದು ತಂಬಿಗೆ ಮಜ್ಜಿಗೆ. ರಾತ್ರಿಯೆಲ್ಲ ಸುರಿದ ಮಳೆ ನಿಂತು, ಬಿಸಿಲೂ ಅಲ್ಲದ ಮೋಡವೂ ಅಲ್ಲದ ಹೊತ್ತು. ಬದುವಿನ ಮೇಲೆ ಬುತ್ತಿ ಇಳಿಸಿ ಊಟಕ್ಕೆ ಕರೆಯಬೇಕು ಎನ್ನುವಷ್ಟರಲ್ಲಿ ಗದ್ದೆಯ ಮೇಲೆ ಕಣ್ಣು ಹೋಯಿತು.

ನಾಟಿ ಹಾಕುವವರು ಹಿಂದಕ್ಕೆ ಸರಿಯುತ್ತ ನೆಡುತ್ತಾರೆ. ಒಬ್ಬೊಬ್ಬರು ತಮ್ಮ ಕೈ ಚಾಚುವಷ್ಟು ಅಗಲವನ್ನು ನೆಟ್ಟುಕೊಂಡು ಹೋಗುವುದರಿಂದ ಅವರವರ ಮುಂದೆ ಅವರವರ ಪಟ್ಟೆ ಹಾಸಿದ ಹಾಗೆ ಉಳಿಯುತ್ತದೆ. ಒಬ್ಬರ ಪೈರು ಇನ್ನೊಬ್ಬರದಕ್ಕಿಂತ ಸ್ವಲ್ಪ ಓರೆ, ಸ್ವಲ್ಪ ಒತ್ತು, ಹಾಗಾಗಿ ನೋಡಿದರೆ ಯಾರದು ಯಾವುದು ಎಂದು ಗೊತ್ತಾಗುತ್ತದೆ. ಎಲ್ಲರ ಪಟ್ಟೆಯೂ ಒಂದೇ ಅಗಲ ಇತ್ತು. ಅವ್ವನದು ಮಾತ್ರ ಅದರ ಅರ್ಧದಷ್ಟು. ಅವಳ ಎಡಕ್ಕಿದ್ದ ಜಯಮ್ಮನದು, ಬಲಕ್ಕಿದ್ದ ಕೆಂಪಮ್ಮನದು ಉಳಿದವರಿಗಿಂತ ಅಗಲ. ಸಾಲು ಮಾತ್ರ ದಾರ ಹಿಡಿದ ಹಾಗೆ ನೆಟ್ಟಗೆ ಹಿಂದಕ್ಕೆ ಸರಿಯುತ್ತಿತ್ತು. ಅವ್ವ ಹಿಂದೆ ಬಿದ್ದಿರಲಿಲ್ಲ, ಯಾರೂ ಅವಳಿಗಾಗಿ ಕಾಯುತ್ತಲೂ ಇರಲಿಲ್ಲ.

ಬೇರೆ ಯಾವ ವರ್ಷವಾದರೂ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಆ ಕೆಲವು ದಿನ ಹಗಲೆಲ್ಲ ಅದೇ ಚಿತ್ರವನ್ನು ಪರದೆಯ ಮೇಲೆ ನೋಡಿದ್ದೆ. ಒಂದಕ್ಕೆ ಕಡಿಮೆ, ಅಕ್ಕಪಕ್ಕದವಕ್ಕೆ ಹೆಚ್ಚು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಾಗೆ ಯಾವಾಗ ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಊಟಕ್ಕೆ ಬಂದಾಗ ಜಯಮ್ಮನನ್ನು ಪಂಪಿನ ಮನೆಯ ಮರೆಗೆ ಕರೆದುಕೊಂಡು ಹೋದೆ.

"ಚಿಕ್ಕವ್ವ, ಅವ್ವನಿಗೆ ಏನಾಗದೆ?"

"ಏನಾಗದೆ? ಏನಿಲ್ಲ ಬುಡವ್ವ."

"ಅವಳ ಪಟ್ಟೆ ನೋಡ್ದೆ. ನೀವಿಬ್ರೂ ಅವಳದ್ರಲ್ಲಿ ಅರ್ಧ ನೆಡ್ತಾ ಇದ್ದೀರ."

ಜಯಮ್ಮನ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಿಮ್ಮವ್ವ ಆಣೆ ಆಕಿಸ್ಕಂಡವ್ಳೆ ಕಣವ್ವ. ಓದ್ ವರ್ಸದಿಂದ ಮುಟ್ಟು ನಿಂತೇ ಇಲ್ಲ. ಸುರೀತದೆ. ಒಂದ್ಸಲ ಇಲ್ಲೇ ಬದ ಮೇಲೆ ಕಣ್ ಕತ್ಲೆ ಬಂದು ಕುಂತ್ಬುಟ್ಳು. ಆಸ್ಪತ್ರೆಗೆ ಓಗು ಅಂದ್ರೆ, ಮುಟ್ಟು ನಿಲ್ಲೋ ಕಾಲ, ಎಲ್ಲಾರ್ಗೂ ಇಂಗೇಯ ಅಂತಳೆ. ನಾವೇನ್ ಮಾಡವಾ? ನಮ್ ಕೈಲಾದ್ದು ಮಾಡ್ದೊ."

ಅವ್ವ ದೂರದಿಂದಲೇ ನೋಡುತ್ತಿದ್ದಳು. ನಾವಿಬ್ಬರೂ ಈಚೆ ಬಂದಾಗ ಮುದ್ದೆಯ ತಟ್ಟೆ ಕೆಳಗಿಟ್ಟು ಜಯಮ್ಮನ ಕಡೆ ತಿರುಗಿದಳು. "ಯೋಳ್ಬುಟ್ಯಾ?"

"ನಾನ್ಯಾಕ್ ಯೋಳ್ಲಿ? ನಿನ್ ಮಗ್ಳೇ ಬದ ಮೇಲ್ ನಿಂತ್ಕಂಡು ಕಂಡ್ಕಂಡ್ಳು."

ಸಂಜೆ ಅವ್ವ ಮನೆಗೆ ಬಂದು ಕೈಕಾಲು ತೊಳೆದು, ಆಫಾಗಿದ್ದ ಸ್ಕೋಪಿನ ಮುಂದೆ ಮಣೆ ಹಾಕಿಕೊಂಡು ಕೂತಳು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ, ಕೂಗಿಯೇ ಕೇಳಿದೆ.

"ಯೋಳುದ್ರೆ ಏನ್ ಮಾಡ್ತಿದ್ದೆ? ಸಾಲಿಂದ ಎತ್ತಿ ಮನೇಲಿ ಕೂರುಸ್ತಿದ್ದೆ. ನಿಮ್ಮಪ್ಪ ಓದ್ಮೇಲೆ ನನಗೆ ಅದೊಂದೇ ಕಣ್ ಮಗ ಇದ್ದುದ್ದು, ಆ ಸಾಲು." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತು ಅವಳ ಅಂಗೈ ಹಿಡಿದೆ. ಕೆಸರಿನಲ್ಲಿ ನೆಂದು ಸುಕ್ಕಾಗಿದ್ದ ಆ ಕೈ ಬಿಳಿಚಿಕೊಂಡಿತ್ತು. ನಾಟಿಯ ಕಾಲದಲ್ಲಿ ಎಲ್ಲರ ಕೈಯೂ ಹಾಗಿರುತ್ತದೆ ಎಂದು ನಾನು ನಂಬಿದ್ದೆ. ಅವ್ವ ಹೋಗಿಬಿಟ್ಟರೆ ಎಂಬ ಯೋಚನೆ ಮೊದಲ ಬಾರಿಗೆ ಬಂದದ್ದು ಆಗ. ತುಂಬಾ ಹೆದರಿದೆ.

ಮಾರನೆಯ ದಿನ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಲ್ಲರ ಮುಖಕ್ಕೂ ಬಟ್ಟೆ, ಬೆಂಚಿನ ಮೇಲೆ ದೂರ ದೂರ ಕೂತ ಜನ. ರಕ್ತದ ಪರೀಕ್ಷೆ ನೋಡಿದ ಡಾಕ್ಟರಮ್ಮ ಅವ್ವನನ್ನೂ ಕಾಗದವನ್ನೂ ಎರಡೆರಡು ಸಲ ನೋಡಿದರು. "ಇಷ್ಟು ರಕ್ತ ಇಟ್ಕೊಂಡು ನೀವು ನಡೆದು ಬಂದ್ರಾ? ನಿನ್ನೆ ಏನ್ ಮಾಡ್ತಿದ್ರಿ?"

"ನಾಟಿ ಆಕ್ತಿದ್ದೆ ಕಣವ್ವ" ಎಂದಳು ಅವ್ವ, ಶಾಲೆಗೆ ತಡವಾಗಿ ಬಂದ ಮಗುವಿನ ಹಾಗೆ.

ಗರ್ಭಕೋಶದಲ್ಲಿ ಗಡ್ಡೆಯಿತ್ತು. ಕೆಟ್ಟ ಗಡ್ಡೆಯಲ್ಲ, ಆದರೆ ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ದರೆ ಎದೆ ಕೈಕೊಡುತ್ತಿತ್ತು ಎಂದರು. ಮೊದಲು ರಕ್ತ ಏರಿಸಿ, ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ ಆಪರೇಷನ್ ಎಂದಾಯಿತು. ಅವ್ವನಿಗೆ ಏರಿಸುವ ರಕ್ತಕ್ಕೆ ಬದಲಾಗಿ ನಾನು ರಕ್ತ ಕೊಟ್ಟೆ. ಹೇಗೋ ಸುದ್ದಿ ತಿಳಿದು ಜಯಮ್ಮ ಯಾರದೋ ಬೈಕಿನ ಹಿಂದೆ ಕೂತು ಬಂದೇಬಿಟ್ಟರು. ತೋಳು ಮಡಿಸಿಕೊಂಡು, "ನಂದೂ ತಗಳಿ, ಎಷ್ಟ್ ಬೇಕಾರೂ ತಗಳಿ" ಎಂದು ಮಂಚದ ಮೇಲೆ ಮಲಗಿದರು. ನರ್ಸು ಬೆರಳಿಗೆ ಚುಚ್ಚಿ ನೋಡಿ, "ಅಮ್ಮ, ನಿಮಗೇ ರಕ್ತ ಸಾಲಲ್ಲ, ಎದ್ದೇಳಿ" ಎಂದು ಕಬ್ಬಿಣದ ಮಾತ್ರೆಯ ಚೀಟಿ ಕೈಗಿಟ್ಟರು. ಜಯಮ್ಮನಿಗೆ ಬಂದ ಸಿಟ್ಟು ಹೇಳಬಾರದು. "ಇಬ್ಬರ್ ಪಟ್ಟೆ ನೆಟ್ಟಿವ್ನಿ, ನಂಗೆ ರಕ್ತ ಇಲ್ವಂತೆ!" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಗೊಣಗಿದರು. ಅವ್ವ ಮಲಗಿದಲ್ಲೇ ನಕ್ಕಳು. ಅಷ್ಟು ದಿನದ ಮೇಲೆ ಅವಳ ನಗು ಕೇಳಿ ನಾನು ಹೊರಗೆ ಹೋಗಿ ಅತ್ತೆ.

ಆಪರೇಷನ್ನಿನ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಾದದ್ದಷ್ಟೇ ನೆನಪಿದೆ. ಮಳೆ ಹನಿಯುತ್ತಿತ್ತು. ಮೂರ್ತಿ ಸರ್ ಫೋನು ಮಾಡಿ, ಬೋರ್ಡಿನ ವಿಷಯ ಎತ್ತದೆ, "ಅಮ್ಮ ಹೇಗಿದಾರೆ?" ಎಂದರು. ಸಂಜೆಗೆ ಡಾಕ್ಟರಮ್ಮ ಹೊರಗೆ ಬಂದು ತಲೆಯಾಡಿಸಿದಾಗ ಹಸಿವಾಯಿತು.

ಅವ್ವನನ್ನು ಮನೆಗೆ ಕರೆತರುವಷ್ಟರಲ್ಲಿ ನಮ್ಮ ಗದ್ದೆ ಹಸಿರಾಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಗುಂಪಿನವರು ತಾವೇ ಪೈರು ಕಿತ್ತು, ತಾವೇ ನಾಟಿ ಹಾಕಿ ಹೋಗಿದ್ದರು. ಜಯಮ್ಮ ಅವ್ವನ ಮಂಚದ ಅಂಚಿಗೆ ಕೂತು ಹೇಳಿದ್ದು ಒಂದೇ ಮಾತು. "ನೀನಿಲ್ಲ ಅಂತ ಆ ಜಾಗುಕ್ಕೆ ಯಾರ್ನೂ ಬುಟ್ಕಂಡಿಲ್ಲ ಕಣಕ್ಕ. ನಾನೂ ಕೆಂಪಿನೂ ಮಧ್ಯ ನಿನ್ ಜಾಗ ಬುಟ್ಕಂಡೇ ನಿಂತ್ಕಂಡು, ಆಚೀಚೆಯಿಂದ ಕೈ ಚಾಚಿ ನೆಟ್ಟೊ, ಬೆನ್ನು ಮುರ್ದೋಯ್ತು." ಅವ್ವ ಜಯಮ್ಮನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಪರೀಕ್ಷೆಗಳೂ ಮುಗಿದವು. ವ್ಯಾನು ಬಂದು ಸಾಮಾನು ತೆಗೆದುಕೊಂಡು ಹೋಯಿತು. ಐದನೇ ದಾರಿಗೆ ಕಡಿಮೆ ಪಾಲು ಕೊಡುವ ಆ ಲೆಕ್ಕವನ್ನು ಮೂರ್ತಿ ಸರ್ ಹಾಗೆಯೇ ಉಳಿಸಿದರು. ಎಲ್ಲೆಲ್ಲೋ ಯಾರ್ಯಾರದೋ ಮೇಜಿನ ಮೇಲೆ ಆ ಕಂಪ್ಯೂಟರುಗಳು ಈಗಲೂ ನಡೆಯುತ್ತಿವೆ. ನಡುಮನೆಗೆ ರಾಗಿ ಮೂಟೆ ವಾಪಸು ಬಂತು. ಅವ್ವನ ಮುಖಕ್ಕೆ ಬಣ್ಣ ಬಂತು, ಬೈಗುಳಕ್ಕೆ ಬಲ ಬಂತು.

ಮುಂದಿನ ವರ್ಷ ನಾಲೆಗೆ ನೀರು ಬಿಟ್ಟಾಗ ಡಾಕ್ಟರಮ್ಮ ಇನ್ನು ಏನು ಕೆಲಸ ಬೇಕಾದರೂ ಮಾಡಬಹುದು ಎಂದಿದ್ದರು. ನಮ್ಮ ಗದ್ದೆಯ ನಾಟಿಗೆ ನಾನು ರಜ ಹಾಕಿ ಬಂದೆ. ಬುತ್ತಿ ಹೊರಲು ಬಂದವಳನ್ನು ಅವ್ವ ಬಿಡಲಿಲ್ಲ. "ಬದ ಮೇಲ್ ನಿಂತ್ಕಂಡು ಅಳ್ದಿದ್ದು ಸಾಕು, ಇಳಿ" ಎಂದಳು. ಸೀರೆ ಎತ್ತಿ ಕಟ್ಟಿಕೊಂಡು ಅವಳ ಮತ್ತು ಜಯಮ್ಮನ ಮಧ್ಯೆ ಇಳಿದೆ. ಕೆಸರು ಮೊಣಕಾಲಿಗೆ ಬಂತು. ಪೈರನ್ನು ಎಷ್ಟು ಆಳಕ್ಕೆ ಊರಬೇಕು, ಬೆರಳನ್ನು ಹೇಗೆ ಎಳೆದುಕೊಳ್ಳಬೇಕು ಎಂದು ಇಬ್ಬರೂ ಎರಡು ಕಡೆಯಿಂದ ಹೇಳಿಕೊಟ್ಟರು. ಮೊದಮೊದಲು ಪೈರು ತೇಲಿಹೋಗುತ್ತಿತ್ತು. ಆಮೇಲಾಮೇಲೆ ಕೈ ಹತ್ತಿತು. ಸೊಂಟ ನೋಯುತ್ತಿದ್ದರೂ ನಾನು ಯಾರಿಗೂ ಹಿಂದೆ ಬಿದ್ದಿರಲಿಲ್ಲ. ಸಾಲಿನ ಜೊತೆಗೇ ಸರಿಯುತ್ತಿದ್ದೆ. ಪರವಾಗಿಲ್ಲವೇ, ಅವ್ವನ ಮಗಳೇ ನಾನು ಎಂದು ಒಳಗೊಳಗೇ ಬೀಗಿದೆ.

ಗದ್ದೆಯ ಕೊನೆ ಮುಟ್ಟುವ ಹೊತ್ತಿಗೆ ಸೊಂಟ ನೆಟ್ಟಗೆ ಮಾಡಿ ನಿಂತು ಮುಂದೆ ನೋಡಿದೆ. ಎಲ್ಲರ ಪಟ್ಟೆಯೂ ಅಗಲವಾಗಿ ಹರಡಿತ್ತು. ನನ್ನದು ಮಾತ್ರ ಒಂದು ಕೈ ಅಗಲದ ಗೀಟು. ಜಯಮ್ಮನದು ಎಲ್ಲರದಕ್ಕಿಂತ ದೊಡ್ಡದು. ಅವ್ವನದು ಅದಕ್ಕೂ ದೊಡ್ಡದು. ಅಷ್ಟು ಹೊತ್ತೂ ನನ್ನ ಎರಡೂ ಪಕ್ಕದಲ್ಲಿ ಅವರ ಕೈ ಬಂದು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅವ್ವನ ಕಡೆ ತಿರುಗಿದೆ.

ಅವಳು ತಲೆಯೆತ್ತಲಿಲ್ಲ. "ಏನ್ ನೋಡ್ತಾ ನಿಂತ್ಕಂಡೆ? ಬಗ್ಗು ಮಗ, ಸಾಲು ನೆಟ್ಟುಗದೆ" ಎಂದು ಪೈರಿನ ಕಟ್ಟು ನನ್ನ ಕೈಗೆ ಹಾಕಿದಳು. ನಾನು ಬಗ್ಗಿದೆ.